ಚೆಲ್ಲಿದ ನೀರಿನ ದಿಕ್ಕು

ನಮ್ಮ ಊರು ನಿಂತಿದೆ. ನೆಲ ಓಡುತ್ತದೆ.

ಈ ಎರಡು ವಾಕ್ಯಗಳನ್ನು ನಾನು ಮೂವತ್ತೊಂದು ವರ್ಷದಿಂದ ದಿನಾ ಬೆಳಿಗ್ಗೆ ಕಪ್ಪುಹಲಗೆಯ ಮೇಲೆ ಬರೆಯುತ್ತೇನೆ, ದಿನಾ ಸಂಜೆ ಅಳಿಸುತ್ತೇನೆ. ಸೀಮೆಸುಣ್ಣದ ಪುಡಿ ನುಂಗಿ ನುಂಗಿ ಗಂಟಲು ಕೆಟ್ಟುಹೋಗಿದೆ. ನಾನು ಈ ಊರಿನ ಮೇಷ್ಟ್ರು. ಹತ್ತನೇ ತರಗತಿಗೆ ಭೌತಶಾಸ್ತ್ರ ಹೇಳುತ್ತೇನೆ. ಬೇರೆ ಏನಾದರೂ ಮಾಡಿಕೊಂಡಿರೋಣ ಎಂದರೆ ನನಗೆ ಬೇರೆ ಏನೂ ಬರುವುದಿಲ್ಲ.

ಊರನ್ನು ನೋಡದವರಿಗೆ ಒಂದಿಷ್ಟು ಹೇಳಬೇಕು. ಊರು ಉದ್ದಕ್ಕಿದೆ, ಅಗಲ ಕಡಿಮೆ. ಒಂದರ ಹಿಂದೆ ಒಂದು ಹನ್ನೊಂದು ಕೇರಿಗಳು. ಎರಡೂ ಮಗ್ಗುಲಿಗೆ ಮೂರಾಳೆತ್ತರದ ಗೋಡೆ, ಗೋಡೆಯ ಮೇಲೆ ಆಕಾಶ. ಪೂರ್ವದ ತುದಿಯಲ್ಲೂ ಗೋಡೆಯೇ. ಅದರಾಚೆ ಏನಿದೆ ಎಂದು ಹೋಗಿ ನೋಡಿದವರಿಲ್ಲ. ಪಶ್ಚಿಮದ ತುದಿಯಲ್ಲಿ ಮಾತ್ರ ಒಂದು ಬಾಗಿಲಿದೆ. ಅದಕ್ಕೆ ಹಿಂಬಾಗಿಲು ಅನ್ನುತ್ತೇವೆ. ಅದನ್ನು ತೆರೆದರೆ ನೆಲ ಪಶ್ಚಿಮಕ್ಕೆ ಓಡುವುದು ಕಾಣಿಸುತ್ತದೆ. ಕಲ್ಲು, ಕುರುಚಲು ಗಿಡ, ಯಾರದೋ ಹೊಲದ ಬದು, ಒಣಗಿದ ಹಳ್ಳ, ಎಲ್ಲವೂ ಯಾರೋ ಕೂಗಿ ಕರೆದ ಹಾಗೆ ಹಿಂದಕ್ಕೆ ಹಿಂದಕ್ಕೆ ಹೋಗುತ್ತಿರುತ್ತವೆ. ಗಾಳಿ ಯಾವಾಗಲೂ ಪೂರ್ವದಿಂದ ಬೀಸುತ್ತದೆ. ನಾವು ನಡೆಯುವ ನೆಲಗಟ್ಟಿನ ಅಡಿಯಲ್ಲಿ ಯಾವಾಗಲೂ ಒಂದು ಗುಂಯ್ ಎನ್ನುವ ಸದ್ದು ಇರುತ್ತದೆ. ನಮ್ಮ ಮಕ್ಕಳು ಜೋಗುಳವಿಲ್ಲದೆ ಆ ಸದ್ದಿಗೇ ಮಲಗುತ್ತವೆ.

ಪ್ರತಿ ಮನೆಯ ಹೊಸ್ತಿಲಲ್ಲಿ ಒಂದು ಬಟ್ಟಲು. ಬಟ್ಟಲ ತುಂಬ ನೀರು. ಇನ್ನೊಂದು ಹನಿ ಬಿದ್ದರೆ ತುಳುಕಬೇಕು, ಅಷ್ಟು. ಬೆಳಗಾದರೆ ಮಟ್ಟ ನೋಡುವವನು ಕೇರಿ ಕೇರಿ ಬರುತ್ತಾನೆ. ಮಂಡಿಯೂರಿ, ಒಂದು ಕಣ್ಣು ಮುಚ್ಚಿ, ನೀರಿನ ಅಂಚನ್ನೂ ಬಟ್ಟಲಿನ ಅಂಚನ್ನೂ ಕೂಡಿಸಿ ನೋಡುತ್ತಾನೆ. ಸಮ ಇದ್ದರೆ ಸಮ ಅನ್ನುತ್ತಾನೆ. ಹೊಸ್ತಿಲು ಒದ್ದೆಯಾಗಿದ್ದರೆ ಸೊಟ್ಟ ಅನ್ನುತ್ತಾನೆ. ಸೊಟ್ಟ ಮನೆಗೆ ಹೆಣ್ಣು ಕೊಡುವುದಿಲ್ಲ, ಸೊಟ್ಟ ಮನೆಯಿಂದ ಹೆಣ್ಣು ತರುವುದಿಲ್ಲ, ಆ ಮನೆಯವರ ಕೈಯಿಂದ ಒಂದು ಲೋಟ ನೀರೂ ಕುಡಿಯುವುದಿಲ್ಲ. ಹನ್ನೊಂದು ಕೇರಿ ಮುಗಿದ ಮೇಲೆ ಊರ ಹಿರಿಯ ಕಟ್ಟೆಯ ಮೇಲೆ ನಿಂತು ಹೇಳುತ್ತಾನೆ: ನೀರು ಸಮ, ಊರು ಸ್ಥಿರ. ನಾವೆಲ್ಲ ಅದನ್ನೇ ತಿರುಗಿ ಹೇಳಿ ಕೆಲಸಕ್ಕೆ ಹೊರಡುತ್ತೇವೆ.

ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ನೆಲಕ್ಕೆ ಸುಸ್ತಾಗುತ್ತದೆ. ಸುಸ್ತಾದ ನೆಲ ನಿಲ್ಲುತ್ತದೆ. ನೆಲದ ಮೇಲೆ ನನಗೆ ಆಗೆಲ್ಲ ಒಂದು ಬಗೆಯ ಅಕ್ಕರೆ ಬರುತ್ತದೆ, ಸುಸ್ತು ಏನೆಂದು ಬಲ್ಲವನು ನಾನು.

ಗಂಟೆಯವನೆಂದು ಒಬ್ಬನಿದ್ದಾನೆ. ಬರಿಗಾಲನ್ನು ನೆಲಗಟ್ಟಿಗೆ ಊರಿ ಕೂತಿರುವುದೇ ಅವನ ಕೆಲಸ. ಅಡಿಯ ಗುಂಯ್ ಸದ್ದು ಬದಲಾಗುವುದು ಅವನ ಅಂಗಾಲಿಗೆ ಮೊದಲು ತಿಳಿಯುತ್ತದೆ. ಅವನು ಗಂಟೆ ಹೊಡೆಯುತ್ತಾನೆ. ಹೊಡೆದ ಕೂಡಲೇ ಎಲ್ಲರೂ ಹೊಸ್ತಿಲ ಬಟ್ಟಲಿನ ನೀರನ್ನು ಕೊಡಕ್ಕೆ ಸುರಿದು, ಬಟ್ಟಲನ್ನು ಬೋರಲು ಹಾಕುತ್ತೇವೆ. ಆಮೇಲೆ ಪೂರ್ವಕ್ಕೆ ತಲೆಯಿಟ್ಟು ಉದ್ದಕ್ಕೆ ಬೋರಲು ಮಲಗಿ ನೆಲಗಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತೇವೆ. ಇದು ನೆಲಕ್ಕೆ ತೋರಿಸುವ ಮರ್ಯಾದೆ. ಬಟ್ಟಲು ಯಾಕೆ ಬೋರಲು ಎಂದರೆ ನೀರು ಹೆದರಬಾರದಂತೆ. ಹಿಂಬಾಗಿಲ ಕಾವಲಿನವನು ಬಾಗಿಲು ಹಾಕುತ್ತಾನೆ. ಸ್ವಲ್ಪ ಹೊತ್ತಿಗೆ ನಾವು ಏಳುವಾಗ ಗಾಳಿ ಇರುವುದಿಲ್ಲ, ಸದ್ದು ಇರುವುದಿಲ್ಲ, ನೆಲ ನಿಂತಿರುತ್ತದೆ.

ಆಗ ಏಣಿ ಇಳಿಸಿ ಕೆಳಗೆ ಹೋಗುತ್ತೇವೆ. ನೀರು ತುಂಬಿಕೊಳ್ಳುತ್ತೇವೆ, ಸೌದೆ ತರುತ್ತೇವೆ. ಅರ್ಧ ದಿನಕ್ಕೆ ಮತ್ತೆ ಗಂಟೆ. ಎಲ್ಲರೂ ಹತ್ತಿಬಂದು, ಬಟ್ಟಲು ಬೋರಲು, ನಾವೂ ಬೋರಲು, ಬಾಗಿಲು ಮುಚ್ಚು. ಎದ್ದು ನೋಡಿದರೆ ನೆಲ ಓಡುತ್ತಿದೆ. ಬಟ್ಟಲು ತುಂಬಿಸಿ ಇಡುತ್ತೇವೆ. ನೀರು ಸಮ, ಊರು ಸ್ಥಿರ.

ಪಾಠದ ಪುಸ್ತಕದಲ್ಲಿ ಸಾಪೇಕ್ಷ ಚಲನೆ ಎಂಬ ಅಧ್ಯಾಯವಿದೆ. ಎರಡು ವಸ್ತುಗಳು ಒಂದರಿಂದ ಒಂದು ದೂರವಾಗುತ್ತಿದ್ದರೆ ಯಾವುದು ನಿಂತಿದೆ, ಯಾವುದು ಹೋಗುತ್ತಿದೆ ಎಂಬುದು ನೋಡುವವನು ಎಲ್ಲಿದ್ದಾನೆ ಎಂಬುದರ ಮೇಲೆ ಹೋಗುತ್ತದೆ. ನಮಗೆ ನೆಲ ಪಶ್ಚಿಮಕ್ಕೆ ಓಡುತ್ತದೆ. ನೆಲದ ಮೇಲೆ ನಿಂತವನಿಗೆ ಊರು ಪೂರ್ವಕ್ಕೆ ಓಡುತ್ತದೆ. ಲೆಕ್ಕ ಎರಡೂ ಕಡೆ ಸರಿಹೋಗುತ್ತದೆ. ಈ ಅಧ್ಯಾಯ ಹಿರಿಯನಿಗೆ ಬಹಳ ಇಷ್ಟ. ಒಂದು ಸಲ ಅವನೇ ಬಂದು ಹಿಂದಿನ ಬೆಂಚಿನಲ್ಲಿ ಕೂತು ಕೇಳಿದ್ದ. ಎರಡೂ ಸರಿ ಎಂದಮೇಲೆ ನಮ್ಮದೂ ಸರಿ ಎಂದಾಯಿತಲ್ಲ ಮೇಷ್ಟ್ರೇ, ಎಂದು ಬೆನ್ನು ತಟ್ಟಿ ಹೋದ. ಅದಕ್ಕೆ ಎದುರು ಹೇಳುವಂಥದ್ದು ಆ ಅಧ್ಯಾಯದಲ್ಲಿ ಏನೂ ಇಲ್ಲ.

ಅದರ ಮುಂದಿನ ಅಧ್ಯಾಯ ವೇಗೋತ್ಕರ್ಷ. ವೇಗ ಬದಲಾಗುವ ವಿಷಯ. ಇದಕ್ಕೆ ಒಂದು ಪ್ರಯೋಗವಿದೆ: ನಾಲ್ಕು ಉರುಳೆಗಳ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಬಟ್ಟಲು, ಎಳೆಯಲು ಹಗ್ಗ. ಊರಿನ ಕಟ್ಟುಪಾಡು ಏನೆಂದರೆ ಬಟ್ಟಲು ಖಾಲಿ ಇರಬೇಕು. ಮೂವತ್ತೊಂದು ವರ್ಷದಿಂದ ನಾನು ಖಾಲಿ ಬಟ್ಟಲನ್ನು ಹಲಗೆಯ ಮೇಲಿಟ್ಟು ಎಳೆದು, ನೋಡಿದಿರಾ ಎಂದು ಕೇಳುತ್ತಿದ್ದೇನೆ. ಮಕ್ಕಳು ನೋಡಿದೆವು ಅನ್ನುತ್ತವೆ. ಏನು ನೋಡಿದವೋ ಆ ದೇವರಿಗೇ ಗೊತ್ತು. ಕೆಲವು ಆಕಳಿಸುತ್ತವೆ, ಅವುಗಳ ಜೊತೆ ನಾನೂ ಆಕಳಿಸುತ್ತೇನೆ.

ಈಗ ಹುಡುಗಿಯ ವಿಷಯಕ್ಕೆ ಬರುತ್ತೇನೆ.

ಹನ್ನೆರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ನೆಲ ನಿಂತಿತ್ತು. ಎಲ್ಲರೂ ಕೆಳಗಿಳಿದು ನೀರು ತುಂಬಿ ಹತ್ತಿಬಂದಿದ್ದರು. ಬಟ್ಟಲುಗಳನ್ನು ತುಂಬಿಸಿ ಹೊಸ್ತಿಲಲ್ಲಿ ಇಟ್ಟೂ ಆಗಿತ್ತು, ನೆಲ ಹೊರಡಲು ಇನ್ನೂ ತುಂಬ ಹೊತ್ತಿದೆ ಎಂದೇ ಎಲ್ಲರ ಎಣಿಕೆ. ಒಬ್ಬ ತಾಯಿ ಮಾತ್ರ ಎರಡನೇ ಕೊಡಕ್ಕೆಂದು ಮತ್ತೆ ಇಳಿದಳು. ಮೂರು ವರ್ಷದ ಮಗಳನ್ನು ದೊಡ್ಡಮ್ಮನ ಮನೆಯ ಹೊಸ್ತಿಲಲ್ಲಿ ಕೂರಿಸಿ, ಇಲ್ಲೇ ಇರು, ಈಗ ಬಂದೆ ಎಂದು ಹೇಳಿ ಹೋದಳು. ಆ ಹೊತ್ತಿಗೆ ಗಂಟೆಯವನು ಊಟಕ್ಕೆ ಕೂತಿದ್ದ. ಚಕ್ಕಳಮಕ್ಕಳ ಹಾಕಿ ಕೂತಿದ್ದರಿಂದ ಅವನ ಅಂಗಾಲು ನೆಲಗಟ್ಟಿಗೆ ತಾಗಿರಲಿಲ್ಲ. ಗಂಟೆ ಹೊಡೆಯಲಿಲ್ಲ. ಅಡಿಯ ಗುಂಯ್ ಸದ್ದು ಕಿವಿಗೆ ಬಿದ್ದ ಕಾವಲಿನವನು ಅಭ್ಯಾಸದಂತೆ ಏಣಿ ಎಳೆದು ಬಾಗಿಲು ಹಾಕಿದ. ಮತ್ತೆ ತೆರೆದಾಗ ನೆಲ ಓಡುತ್ತಿತ್ತು, ತಾಯಿ ಎಲ್ಲೂ ಇರಲಿಲ್ಲ.

ಊರು ಕೂತು ತೀರ್ಮಾನ ಮಾಡಿತು. ನೆಲ ಓಡಿತು, ನೆಲದ ಜೊತೆ ಅವಳೂ ಓಡಿದಳು. ಇಲ್ಲಿರುವ ಮನಸ್ಸಿದ್ದಿದ್ದರೆ ಮೊದಲ ಕೊಡಕ್ಕೇ ಸಾಕು ಮಾಡುತ್ತಿದ್ದಳು. ಮೂರು ವರ್ಷದ ಕೂಸನ್ನು ಬಿಟ್ಟು ಓಡಿದ ಹೆಂಗಸು. ಶಾಲೆಯ ಪಶ್ಚಿಮದ ಗೋಡೆಯ ಮೇಲೆ ಓಡಿಹೋದವರ ಪಟ್ಟಿಯಿದೆ. ಅಲ್ಲಿ ಅವಳ ಹೆಸರನ್ನು ಬರೆದರು. ಬರೆದರು ಅನ್ನುತ್ತಿದ್ದೇನೆ, ಬರೆದವನು ನಾನೇ. ನನ್ನ ಅಕ್ಷರ ದುಂಡಗಿದೆ. ದ್ಯಾವೀರಮ್ಮ ಎಂದು ಬರೆದೆ.

ಹತ್ತನೇ ತರಗತಿ ಮುಗಿಸಿದ ಪ್ರತಿ ಮಗುವೂ ಹಿಂಬಾಗಿಲಿಗೆ ಬಂದು ಬಿಟ್ಟ ಮಾತು ಹೇಳಬೇಕು. ಮೇಷ್ಟ್ರು ತುಂಬಿದ ಬಟ್ಟಲು ಹಿಡಿದು ನಿಲ್ಲಬೇಕು. ಮಗು ಬಟ್ಟಲು ತೆಗೆದುಕೊಂಡು, ಓಡುವ ನೆಲದ ಮೇಲೆ ನೀರು ಸುರಿದು, ನೀನು ಬಿಟ್ಟು ಹೋದೆ, ನಾನು ನಿಂತಿದ್ದೇನೆ, ಎನ್ನಬೇಕು. ಮನೆಯಲ್ಲಿ ಯಾರೂ ಓಡಿಹೋಗದ ಮಕ್ಕಳು ನೆಲಕ್ಕೇ ಹೇಳಿ ನಕ್ಕು ಮನೆಗೆ ಹೋಗುತ್ತವೆ. ಓಡಿಹೋದವರಿದ್ದರೆ ಅವರ ಹೆಸರು ಹಿಡಿದು ಹೇಳಬೇಕು. ಹೇಳಿದ ಮೇಲೆ ಒದ್ದೆ ಬಟ್ಟೆಯಲ್ಲಿ ಗೋಡೆಯ ಹೆಸರನ್ನು ಒರೆಸುತ್ತಾರೆ, ಆಮೇಲೆ ಆ ಹೆಸರನ್ನು ಊರಲ್ಲಿ ಯಾರೂ ಎತ್ತುವಂತಿಲ್ಲ. ಹೇಳದಿದ್ದ ಮಗುವಿಗೆ ಊರಲ್ಲಿ ಜಾಗವಿಲ್ಲ. ಮುಂದಿನ ಸಲ ನೆಲ ನಿಂತಾಗ ಇಳಿದುಹೋಗಬೇಕು.

ಹುಡುಗಿಗೆ ಈಗ ಹದಿನೈದು. ಮುಂದಿನ ಬೆಂಚು. ದೊಡ್ಡಮ್ಮನ ಮನೆಯಲ್ಲಿ ಬೆಳೆದವಳು, ಮಾತು ಕಡಿಮೆ. ಬಿಟ್ಟ ಮಾತಿಗೆ ಇನ್ನು ಎರಡು ದಿನ ಇರುವಾಗ ನಾನು ಎಂದಿನಂತೆ ಉರುಳೆಗಳ ಮೇಲೆ ಹಲಗೆ ಇಟ್ಟೆ, ಹಲಗೆಯ ಮೇಲೆ ಖಾಲಿ ಬಟ್ಟಲು ಇಟ್ಟೆ. ಅವಳು ಎದ್ದು ನಿಂತು, ನೀರು ಹಾಕಿದರೆ ಆಗದೇ ಎಂದು ಕೇಳಿದಳು. ಆಗದು ಅನ್ನಬೇಕಿತ್ತು. ಆಗದು ಎನ್ನುವುದಕ್ಕೂ ಒಂದಿಷ್ಟು ಶಕ್ತಿ ಬೇಕು, ಅವತ್ತು ನನಗೆ ಅದಿರಲಿಲ್ಲ. ಹಾಕು ಎಂದೆ.

ಅವಳು ಮೂಲೆಯ ಮಡಕೆಯಿಂದ ನೀರು ತಂದು ಬಟ್ಟಲ ಅಂಚಿನವರೆಗೂ ತುಂಬಿದಳು. ಇಬ್ಬರು ಹುಡುಗರು ಹಗ್ಗ ಹಿಡಿದು ಪೂರ್ವಕ್ಕೆ ಎಳೆದರು. ಎಳೆದ ಕೂಡಲೇ ನೀರು ಪಶ್ಚಿಮದ ಅಂಚಿನಿಂದ ಚೆಲ್ಲಿತು. ಆಮೇಲೆ ಹಲಗೆ ಒಂದೇ ಸಮನೆ ಹೋಗುತ್ತಿದ್ದಷ್ಟು ಹೊತ್ತೂ ಉಳಿದ ನೀರು ಅಲುಗಲಿಲ್ಲ. ನಿಲ್ಲಿಸಿದಾಗ ಪೂರ್ವದ ಕಡೆಗೆ ತುಳುಕಿತು. ತರಗತಿಯಲ್ಲಿ ಒಬ್ಬರೂ ಆಕಳಿಸಲಿಲ್ಲ. ನಾನೂ ಇದನ್ನು ಕಣ್ಣಾರೆ ನೋಡಿದ್ದು ಅದೇ ಮೊದಲು, ಮೂವತ್ತೊಂದು ವರ್ಷ ಪಾಠ ಹೇಳಿದ್ದರೂ.

ಇನ್ನೊಂದು ಸಲ ಮಾಡೋಣ ಎಂದಳು. ಈ ಸಲ ಎರಡು ಬಟ್ಟಲು. ಒಂದನ್ನು ಹಲಗೆಯ ಮೇಲೆ ಇಟ್ಟಳು, ಒಂದನ್ನು ಹಲಗೆಯ ಪಕ್ಕ ನೆಲಗಟ್ಟಿನ ಮೇಲೆ. ಎಳೆದರು. ಹಲಗೆಯ ಬಟ್ಟಲು ಚೆಲ್ಲಿತು. ನೆಲಗಟ್ಟಿನ ಬಟ್ಟಲು ಹಾಗೇ ಇತ್ತು.

ಅವಳು ಮಂಡಿಯೂರಿ, ಮಟ್ಟ ನೋಡುವವನ ಹಾಗೆ ಒಂದು ಕಣ್ಣು ಮುಚ್ಚಿ, ಎರಡನ್ನೂ ನೋಡಿದಳು. ಹಲಗೆಯ ಮೇಲೆ ಒಂದು ಇರುವೆ ಇದ್ದಿದ್ದರೆ, ನಾನು ನಿಂತಿದ್ದೇನೆ, ನೆಲಗಟ್ಟೇ ಹಿಂದಕ್ಕೆ ಓಡಿತು ಅನ್ನುತ್ತಿತ್ತಲ್ಲವೇ ಎಂದು ಕೇಳಿದಳು. ಹೌದು, ಅದು ಹಿಂದಿನ ಅಧ್ಯಾಯ ಎಂದೆ. ನೆಲಗಟ್ಟು ಹೊರಟಿದ್ದಿದ್ದರೆ ನೆಲಗಟ್ಟಿನ ಬಟ್ಟಲು ಚೆಲ್ಲಬೇಕಿತ್ತು, ಅದು ಚೆಲ್ಲಿಲ್ಲ ಎಂದಳು. ಹಾಗಾದರೆ ಯಾರ ನೀರು ಚೆಲ್ಲಿತೋ ಅವರೇ ಹೊರಟವರು. ಇರುವೆ ಏನು ಬೇಕಾದರೂ ಹೇಳಿಕೊಳ್ಳಲಿ.

ಹೌದು ಎಂದೆ. ಪುಸ್ತಕದಲ್ಲಿ ಅದು ಹಾಗೇ ಇದೆ, ಬೇರೆ ಮಾತಿನಲ್ಲಿ.

ಅವಳು ಎದ್ದು ನಿಂತು ಲಂಗದ ತುದಿಗೆ ಕೈ ಒರೆಸಿಕೊಂಡಳು.

"ಅವತ್ತು ಗಂಟೆ ಹೊಡೀಲಿಲ್ಲ. ಯಾರೂ ಬಟ್ಟಲು ಬೋರಲು ಹಾಕಿರಲಿಲ್ಲ. ನಿಮ್ಮನೆ ಬಟ್ಟಲು ಚೆಲ್ತಾ ಮೇಷ್ಟ್ರೇ?"

ನಾನು ನೆನಪಿಲ್ಲ ಎಂದೆ.

"ನಂಗೆ ಒಂದೇ ನೆನಪಿರೋದು. ಹೊಸ್ತಿಲಲ್ಲಿ ಕೂತಿದ್ದೆ, ಕಾಲು ಒದ್ದೆಯಾಯ್ತು. ಉಚ್ಚೆ ಹೊಯ್ಕೊಂಡಿದ್ದೆ ಅಂತಾಳೆ ದೊಡ್ಡಮ್ಮ. ಉಚ್ಚೆ ಅಷ್ಟು ತಣ್ಣಗಿರಲ್ಲ."

ಯಾರೋ ಒಬ್ಬ ಕಿಸಕ್ಕೆಂದು ನಕ್ಕು, ಜೊತೆಗೆ ನಗುವವರಿಲ್ಲದೆ ಸುಮ್ಮನಾದ. ನಾನು ಕಪ್ಪುಹಲಗೆ ಅಳಿಸಲು ತಿರುಗಿದೆ, ಅಳಿಸುವ ಹೊತ್ತು ಇನ್ನೂ ಆಗಿರಲಿಲ್ಲ.

ಈಗ ಹೇಳಿಬಿಡುತ್ತೇನೆ. ನನಗೆ ಎಲ್ಲ ನೆನಪಿತ್ತು.

ಅವತ್ತು ಮಧ್ಯಾಹ್ನ ನಾನು ಜಗಲಿಯಲ್ಲಿ ನಿಂತಿದ್ದೆ. ಇದ್ದಕ್ಕಿದ್ದಂತೆ ಯಾರೋ ಎದೆಗೆ ಕೈಕೊಟ್ಟು ಹಿಂದಕ್ಕೆ ತಳ್ಳಿದಂತಾಗಿ ಗೋಡೆ ಹಿಡಿದುಕೊಂಡೆ. ತಲೆ ತಿರುಗಿತು, ಬೆಳಿಗ್ಗೆಯಿಂದ ಏನೂ ತಿಂದಿಲ್ಲವಲ್ಲ ಎಂದುಕೊಂಡೆ. ಹೊಸ್ತಿಲು ನೋಡಿದರೆ ಬಟ್ಟಲಿನ ನೀರು ಪಶ್ಚಿಮಕ್ಕೆ ಚೆಲ್ಲಿ ಮೆಟ್ಟಿಲವರೆಗೂ ಹರಿದಿತ್ತು. ಸೊಟ್ಟ ಮನೆ! ಸೊಟ್ಟ ಮನೆಯವನಿಗೆ ಮೇಷ್ಟ್ರ ಕೆಲಸ ಯಾರು ಕೊಡುತ್ತಾರೆ? ಪಂಚೆಯ ಸೆರಗಿನಿಂದಲೇ ಒರೆಸಿದೆ. ಸಾಲದೆ ಹೋಗಿ ಒಂದು ಹಳೇ ಬಟ್ಟೆ ತಂದು ಒರೆಸಿದೆ, ಬಟ್ಟಲನ್ನು ಮತ್ತೆ ತುಂಬಿಸಿಟ್ಟೆ. ಯಾರೂ ನೋಡಲಿಲ್ಲ. ಅಷ್ಟಾಯಿತೆಂದು ಉಸಿರುಬಿಟ್ಟೆ.

ಸಂಜೆ ಶಾಲೆಯ ಬೀಗ ನೋಡಲೆಂದು ಕೇರಿಗಳನ್ನು ದಾಟಿ ಹೋದೆ. ಹನ್ನೊಂದು ಕೇರಿಯಲ್ಲೂ, ಮನೆ ಮನೆಯ ಹಗ್ಗದ ಮೇಲೂ, ಒಂದೊಂದು ಒರೆಸುವ ಬಟ್ಟೆ ಒಣಗುತ್ತಿತ್ತು. ಒಂದೊಂದರಿಂದಲೂ ಹನಿ ತೊಟ್ಟಿಕ್ಕುತ್ತಿತ್ತು. ಜನ ಜಗಲಿಯಲ್ಲಿ ಕೂತಿದ್ದರು. ಅವರು ನನ್ನನ್ನು ನೋಡಲಿಲ್ಲ, ನಾನು ಅವರನ್ನು ನೋಡಲಿಲ್ಲ. ತಾಯಿ ಓಡಿಹೋದಳು ಎಂದು ಆ ರಾತ್ರಿ ಊರು ತೀರ್ಮಾನ ಮಾಡುವಾಗ ಆ ಬಟ್ಟೆಗಳು ಇನ್ನೂ ಪೂರ್ತಿ ಒಣಗಿರಲಿಲ್ಲ. ಮಾರನೇ ದಿನ ನಾನು ಗೋಡೆಯ ಮೇಲೆ ಹೆಸರು ಬರೆದೆ.

ಹನ್ನೆರಡು ವರ್ಷ ಇದನ್ನು ಹೊತ್ತು ತಿರುಗಿದ್ದೇನೆ. ಪಾಪ ಮಾಡಿದೆ ಎಂದು ರಾತ್ರಿಯೆಲ್ಲ ಅತ್ತೆ ಎಂದೇನಾದರೂ ಹೇಳಿದರೆ ಅದು ಸುಳ್ಳು. ಸುಮ್ಮನೆ ಸುಸ್ತಾಯಿತು. ಬೆಳಿಗ್ಗೆ ಎದ್ದ ಕೂಡಲೇ ಸುಸ್ತು, ಬರೆಯುವಾಗ ಸುಸ್ತು, ಅಳಿಸುವಾಗ ಸುಸ್ತು. ವಯಸ್ಸಾಯಿತು ಎಂದುಕೊಂಡಿದ್ದೆ.

ಅವತ್ತು ಸಂಜೆ ಹುಡುಗಿಯ ದೊಡ್ಡಮ್ಮ ನನ್ನ ಜಗಲಿಗೆ ಬಂದಳು. ಬಂದವಳು ಬೆನ್ನನ್ನು ಕಂಬಕ್ಕೆ ಕೊಟ್ಟು, ಕಾಲು ನೀಡಿ ಕೂತಳು. ಹುಡುಗಿ ಬಿಟ್ಟ ಮಾತು ಹೇಳುವುದಿಲ್ಲ ಅನ್ನುತ್ತಿದ್ದಾಳೆ, ಮೂರು ದಿನದಿಂದ ಹೇಳಿ ಹೇಳಿ ಬಾಯಿ ಒಣಗಿತು, ನೀವಾದರೂ ಬುದ್ಧಿ ಹೇಳಿ ಎಂದಳು. ಓಡಿಹೋದವಳ ಮಗಳೆಂದು ಅದನ್ನು ಯಾರೂ ಆಟಕ್ಕೆ ಸೇರಿಸದಿದ್ದಾಗ ತಾನೇ ಅದರ ಜೊತೆ ಕುಂಟೆಬಿಲ್ಲೆ ಆಡಿದ್ದನ್ನು ಹೇಳಿದಳು. ಆಗಲೂ ಮಂಡಿ ನೋವಿತ್ತಂತೆ.

"ನಾಕು ಮಾತು ಅಂದ್ಬುಟ್ಟು ಮನೆಗ್ ಬರ್ಲಿ ಮೇಷ್ಟ್ರೇ. ಮಾತಲ್ವಾ, ಅಂದ್ರೇನು ಸವ್ದೋಯ್ತದಾ? ಅನ್ನದೆ ಹೋದ್ರೆ ಇಳಿಸ್ಬುಡ್ತಾರೆ. ಅವ್ಳೂ ಹೋದ್ಮೇಕೆ ನಾನು ಯಾರ ಮಕ ನೋಡ್ಕಂಡಿರ್ಲಿ?"

ನಾನು ಅವಳನ್ನು ಕೇಳಿದೆ. ಅವತ್ತು ನಿಮ್ಮ ಮನೆಯ ಹಗ್ಗದ ಮೇಲೆ ಒಂದು ಕೆಂಪು ಬಟ್ಟೆ ಒಣಗುತ್ತಿತ್ತಲ್ಲ ಎಂದೆ.

ಅವಳು ಬಹಳ ಹೊತ್ತು ನನ್ನ ಹೊಸ್ತಿಲ ಬಟ್ಟಲನ್ನೇ ನೋಡುತ್ತಿದ್ದಳು. ನಮ್ಮ ಮನೆ ಸೊಟ್ಟ ಅಲ್ಲ ಎಂದಳು. ಆಮೇಲೆ ಮಂಡಿ ಹಿಡಿದುಕೊಂಡು ಎದ್ದು ಹೋದಳು.

ಬಿಟ್ಟ ಮಾತಿನ ದಿನ ಊರೆಲ್ಲ ಹಿಂಬಾಗಿಲಲ್ಲಿ ಸೇರಿತು. ಬಾಗಿಲು ತೆರೆದಿತ್ತು, ನೆಲ ಓಡುತ್ತಿತ್ತು. ಪೂರ್ವದ ಗಾಳಿ ನಮ್ಮ ಬೆನ್ನಿಗೆ ಬಡಿದು ಬಾಗಿಲಿನಾಚೆ ಹೋಗುತ್ತಿತ್ತು. ನಾನು ಬಟ್ಟಲು ಹಿಡಿದು ನಿಂತೆ. ಒಂದೊಂದೇ ಮಗು ಬಂದು ನೀರು ಸುರಿದು ಮಾತು ಹೇಳಿ ಹೋಯಿತು. ನೀನು ಬಿಟ್ಟು ಹೋದೆ, ನಾನು ನಿಂತಿದ್ದೇನೆ. ನಾನು ಬಟ್ಟಲು ತುಂಬಿಸಿದೆ. ನೀನು ಬಿಟ್ಟು ಹೋದೆ, ನಾನು ನಿಂತಿದ್ದೇನೆ. ಮತ್ತೆ ತುಂಬಿಸಿದೆ. ಹದಿನೇಳು ಮಕ್ಕಳು, ಹದಿನೇಳು ಬಟ್ಟಲು ನೀರು. ಹದಿನೆಂಟನೆಯವಳು ಅವಳು.

ಬಟ್ಟಲು ತೆಗೆದುಕೊಂಡಳು, ಸುರಿಯಲಿಲ್ಲ. ಹಿರಿಯ ಮಾತನ್ನು ಎತ್ತಿಕೊಟ್ಟ. ಅವಳು ಹೇಳಲಿಲ್ಲ. ಎರಡನೇ ಸಲ ಎತ್ತಿಕೊಟ್ಟ. ಅವಳು ನನ್ನ ಮುಖ ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಪಾಠ ಅರ್ಥವಾಗದ ಮಗು ಇನ್ನೊಂದು ಸಲ ಹೇಳಿ ಎಂದು ನೋಡುವ ಹಾಗೆ ನೋಡಿದಳು.

"ಅವತ್ತು ನನ್ನ ಬಟ್ಟಲು ಚೆಲ್ಲಿತ್ತು" ಎಂದೆ. "ಪಶ್ಚಿಮಕ್ಕೆ. ಒರೆಸಿಬಿಟ್ಟೆ."

ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು, ಗಂಟಲಲ್ಲಿ ಪುಡಿ ಇರಲಿಲ್ಲ. ಹಿರಿಯ ಮಟ್ಟ ನೋಡುವವನ ಕಡೆ ತಿರುಗಿ, ಮೇಷ್ಟ್ರ ಮನೆ ಸೊಟ್ಟವೇ ಎಂದು ಕೇಳಿದ. ಮಟ್ಟ ನೋಡುವವನೂ ಮುದುಕನಾಗಿದ್ದ. ಮಂಡಿಯೂರಿ ಊರಿ ಅವನ ಮಂಡಿಗಳು ಮರಗಟ್ಟಿದ್ದವು. ಅಲ್ಲ, ಸಮ ಇದೆ ಎಂದ ಅವನು. ಯಾರೂ ಕೇಳದೆಯೇ ಮುಂದಿನದನ್ನೂ ಹೇಳಿದ. ಆ ದಿನದ ಮರುದಿನ ಬೆಳಿಗ್ಗೆ ಹನ್ನೊಂದು ಕೇರಿಯ ಎಲ್ಲ ಬಟ್ಟಲೂ ತುಂಬಿಯೇ ಇದ್ದವು. ಎಲ್ಲ ಹೊಸ್ತಿಲೂ ಪಶ್ಚಿಮದ ಕಡೆಗೆ ತೇವವಾಗಿದ್ದವು. ಅವನು ಎಲ್ಲ ಮನೆಗೂ ಸಮ ಎಂದು ಹೇಳಿದ್ದ. ಅಷ್ಟು ಮನೆಗೂ ಸೊಟ್ಟ ಎಂದು ಹೇಳಿ ಬದುಕುವುದು ಹೇಗೆ ಎಂದು ಅವನು ನಮ್ಮನ್ನೇ ಕೇಳಿದ.

"ನಮ್ಮನೇದೂ ಚೆಲ್ಲಿತ್ತು" ಎಂದಳು ದೊಡ್ಡಮ್ಮ. ಹುಡುಗಿಯ ಕಡೆ ನೋಡದೆ, ನೆಲ ನೋಡಿಕೊಂಡು ಹೇಳಿದಳು. "ಮಗೀನ ಕಾಲ್ಮ್ಯಾಲೇ ಚೆಲ್ಲಿತ್ತು."

ಮಿಕ್ಕವರಲ್ಲಿ ಇಲ್ಲ ಎಂದವರೂ ಇಲ್ಲ. ಗಂಟೆಯವನು ತನ್ನ ಅಂಗಾಲನ್ನು ಉಜ್ಜಿಕೊಳ್ಳುತ್ತ ಕೂತಿದ್ದ. ಹಿರಿಯ ಕಣ್ಣು ಮುಚ್ಚಿಕೊಂಡ. ಅವನೂ ದಣಿದಿದ್ದಾನೆ ಎಂದು ನನಗೆ ಹೊಳೆದದ್ದು ಆಗ. ಅವನ ಮನೆಯಲ್ಲೂ ಹೊಸ್ತಿಲಿದೆ, ಅಲ್ಲೂ ಬಟ್ಟಲಿದೆ. ಇದನ್ನೆಲ್ಲ ಇನ್ನೊಂದು ದಿನ ಕೂತು ನೋಡೋಣ ಎಂದ. ಈಗ ಹುಡುಗಿ ಮಾತು ಹೇಳಿ ಮುಗಿಸಲಿ.

ಹುಡುಗಿ ಹೊಸ್ತಿಲ ಅಂಚಿಗೆ ಹೋಗಿ ನಿಂತಳು. ಕೈಯಲ್ಲಿದ್ದ ಬಟ್ಟಲು ಅಂಚಿನವರೆಗೂ ತುಂಬಿತ್ತು, ನೀರು ಅಲುಗುತ್ತಿರಲಿಲ್ಲ.

"ಅವ್ವಾ ದ್ಯಾವೀರಮ್ಮ" ಎಂದಳು. "ನೀನು ನಿಂತಿದ್ದೆ. ನಾವು ಬಿಟ್ಟು ಬಂದ್ವಿ."

ನೀರು ಸುರಿದಳು. ಅದು ಓಡುವ ನೆಲದ ಮೇಲೆ ಬಿದ್ದು ಕಾಣದಾಯಿತು.

ಇದು ಲೆಕ್ಕಕ್ಕೆ ಬರುವುದಿಲ್ಲ ಎಂದ ಹಿರಿಯ. ಮಾತು ತಿರುಚಿದವಳೂ, ತಿರುಚುವುದನ್ನು ಕಲಿಸಿದವನೂ ಮುಂದಿನ ಸಲ ನೆಲ ನಿಂತಾಗ ಇಳಿಯಬೇಕು ಎಂದ. ಬೈಯುವ ದನಿಯಲ್ಲಿ ಹೇಳಲಿಲ್ಲ, ಓದಿ ಹೇಳುವ ದನಿಯಲ್ಲಿ ಹೇಳಿದ. ಗೋಡೆಯ ಹೆಸರನ್ನು ಒರೆಸಲು ಒದ್ದೆ ಬಟ್ಟೆ ಹಿಡಿದು ನಿಂತಿದ್ದವನು ಏನು ಮಾಡುವುದೆಂದು ತಿಳಿಯದೆ ಅದನ್ನು ಹಿಂಡಿ ಹೆಗಲ ಮೇಲೆ ಹಾಕಿಕೊಂಡ. ಜನ ಒಬ್ಬೊಬ್ಬರಾಗಿ ಮನೆಗೆ ಹೋದರು.

ಬಾಗಿಲಲ್ಲಿ ನಾವಿಬ್ಬರೇ ಉಳಿದೆವು. ದೊಡ್ಡಮ್ಮ ದೂರದ ಕಟ್ಟೆಯ ಮೇಲೆ ಕೂತು ಹುಡುಗಿಗಾಗಿ ಕಾಯುತ್ತಿದ್ದಳು. ನನಗೆ ಏನೂ ಹಗುರ ಅನ್ನಿಸಲಿಲ್ಲ. ಹನ್ನೆರಡು ವರ್ಷ ಪೂರ್ವಕ್ಕೇ ಬಂದಿದ್ದೇವೆ. ನೆಲ ಯಾವತ್ತು ನಿಲ್ಲುತ್ತದೋ ಗೊತ್ತಿಲ್ಲ. ನಿಂತ ದಿನ ಇಳಿದು ಪಶ್ಚಿಮಕ್ಕೆ ನಡೆಯತೊಡಗಿದರೆ ಆ ಜಾಗ ಮುಟ್ಟಲು ಎಷ್ಟು ಕಾಲ ಬೇಕು ಎಂದು ಮನಸ್ಸಿನಲ್ಲೇ ಭಾಗಿಸಿದೆ. ಉತ್ತರ ನನ್ನ ಆಯಸ್ಸಿಗಿಂತ ದೊಡ್ಡದು ಬಂತು. ಹುಡುಗಿಯ ಆಯಸ್ಸಿಗಿಂತಲೂ ದೊಡ್ಡದು. ಅದನ್ನು ಅವಳಿಗೆ ಹೇಳಲಿಲ್ಲ. ಲೆಕ್ಕ ಅವಳಿಗೂ ಬರುತ್ತದೆ.

ಅವಳು ಖಾಲಿ ಬಟ್ಟಲನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು.

"ಅವ್ವನ ಹತ್ರ ಕೊಡ ಇತ್ತಲ್ಲ ಮೇಷ್ಟ್ರೇ. ತುಂಬಿದ ಕೊಡ. ಅವಳು ನಿಂತಿದ್ಲು ಅಂದ್ಮೇಲೆ ಅದು ಚೆಲ್ಲಿರಲ್ಲ ಅಲ್ವಾ?"

ಪಾಠದ ಪ್ರಕಾರ ಇಲ್ಲ ಎಂಬುದೇ ಉತ್ತರ. ನಿಂತವರ ನೀರು ಚೆಲ್ಲುವುದಿಲ್ಲ. ಬಾಯಿಗೂ ಅದೇ ಬಂತು. ಆದರೆ ಆ ಮಧ್ಯಾಹ್ನ ಕಣ್ಣೆದುರು ಬಂದು ನಿಂತಿತು. ಬಾಗಿಲು ಮುಚ್ಚಿದೆ, ಏಣಿ ಇಲ್ಲ, ಊರು ಹೊರಟಿದೆ, ಊರಿನ ಒಳಗೆ ಹೊಸ್ತಿಲಲ್ಲಿ ಮೂರು ವರ್ಷದ ಮಗು ಕೂತಿದೆ. ಕೊಡ ಕಂಕುಳಲ್ಲೇ ಇದೆ. ಅದನ್ನು ಕೆಳಗಿಡಲೂ ಪುರುಸೊತ್ತಿಲ್ಲ.

"ಚೆಲ್ಲಿರುತ್ತೆ ಮಗಳೇ" ಎಂದೆ.

"ಯಾವ ಕಡೆಗೆ?"

"ನಮ್ಮ ನೀರು ಚೆಲ್ಲಿದ ಕಡೆಗೇ."

ಅವಳು ಕಣ್ಣು ಮುಚ್ಚಿ ತುಟಿ ಅಲುಗಿಸುತ್ತ ಲೆಕ್ಕ ಮಾಡಿದಳು, ತರಗತಿಯಲ್ಲಿ ಮಾಡುವ ಹಾಗೆಯೇ. ಹಲಗೆ ಪೂರ್ವಕ್ಕೆ, ನೀರು ಪಶ್ಚಿಮಕ್ಕೆ. ಊರು ಪೂರ್ವಕ್ಕೆ, ನೀರು ಪಶ್ಚಿಮಕ್ಕೆ. ಕೊಡದ ನೀರು ಪಶ್ಚಿಮಕ್ಕೆ. ನಾನು ಕಾದೆ. ಉತ್ತರ ಬಂದದ್ದು ಅವಳ ಮುಖದಲ್ಲಿ ಕಾಣಿಸಿತು.

"ಹಂಗಾದ್ರೆ ನಮ್ ಹಿಂದೇನೇ ಓಡಿಬಂದವ್ಳೆ" ಎಂದಳು.

ಸರಿ ಎಂದೆ.